ಸಹಿ ಬರುವ ಅವ್ವ

ಆದೋನಿ,
ಶನಿವಾರ, ೭-೧೨-೨೦೨೪

ನನ್ನ ಮಗ ಚಂದ್ರನಿಗೆ ಅವ್ವ ತಲೆ ಸವರಿ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪ? ಕೆಮ್ಮು ಕಡಿಮೆಯಾಯಿತೇ? ಹತ್ತಿಯ ಧೂಳಿಲ್ಲದ ಕಡೆ ಇದ್ದಾನಲ್ಲ, ಅಷ್ಟಾದರೂ ಒಳ್ಳೆಯದಾಯಿತು ಎಂದು ನಿನ್ನ ಹೆಂಡತಿಗೆ ಹೇಳಿದೆ. ಸುಹಾಸಿನಿ ನಗಲಿಲ್ಲ. ಜೈಲಿನ ನೆಲ ತಂಡಿ ಇರುತ್ತದೆ. ಕಳಿಸಿದ ಕಂಬಳಿಯನ್ನು ನೀನೇ ಹಾಸಿಕೋ, ಜೊತೆಯಲ್ಲಿರುವ ಆಂಜಿನೇಯನಿಗೆ ಕೊಟ್ಟು ದೊಡ್ಡಸ್ತಿಕೆ ಮೆರೆಯಬೇಡ. ಅವನ ಹೆಂಡತಿಯೂ ಒಂದು ಕಳಿಸಿದ್ದಾಳೆ. ನಾವು ಚೆನ್ನಾಗಿದ್ದೇವೆ. ರೊಟ್ಟಿ ಬಡಿಯುವಾಗ ಮರೆತು ನಿನ್ನ ಪಾಲಿನದೂ ಬಡಿದುಬಿಡುತ್ತೇನೆ, ಮರುದಿನ ಅದನ್ನೇ ಮುರಿದು ತಿನ್ನುತ್ತೇವೆ.

ನಿನ್ನೆ ಪೆದ್ದಣ್ಣನನ್ನು ನೋಡಿಬಂದೆ. ಲಾರಿಯಿಂದ ಒತ್ತಿ ಕಟ್ಟಿದ ಹತ್ತಿಯ ಬೇಲು ಬಿದ್ದು ಮುರಿದ ಸೊಂಟ ಇನ್ನೂ ಕೂಡಿಲ್ಲ. ತನ್ನ ಸಲುವಾಗಿ ಇಬ್ಬರು ಜೈಲಿಗೆ ಹೋದರೆಂದು ಅತ್ತ. ಬೇಲು ನಿನ್ನ ಮೇಲೆ ಬಿತ್ತೋ, ನೀನೇ ಬೇಲಿನ ಮೇಲೆ ಬಿದ್ದೆಯೋ ಎಂದು ಗದರಿಸಿದೆ. ಹನ್ನೆರಡು ವರ್ಷ ಬೇಲು ಹೊತ್ತವನನ್ನು ನಮ್ಮ ಆಳೇ ಅಲ್ಲ ಎನ್ನುತ್ತಾರಲ್ಲ ಮಿಲ್ಲಿನವರು, ಅವರ ನಾಲಿಗೆಗೆ ಮೂಳೆಯೇ ಇಲ್ಲ. ಜೊತೆಯವನಿಗೆ ಪೆಟ್ಟಾದರೆ ಹಮಾಲರು ಬೇಲು ಎತ್ತುವ ಕೊಕ್ಕೆಗಳನ್ನು ಗೇಟಿನ ಮುಂದೆ ನೆಲಕ್ಕಿಟ್ಟು ಕೂರುತ್ತಾರೆ, ಮಾಲೀಕರು ಬಂದು ಮಾತಾಡಿದ ಮೇಲೆ ಎತ್ತಿಕೊಳ್ಳುತ್ತಾರೆ. ನಿನ್ನಪ್ಪನ ಕಾಲದಿಂದಲೂ ಇರುವ ಪದ್ಧತಿ ಇದು. ಕೈ ಖಾಲಿ ಇದೆ ಎಂದು ತೋರಿಸುವುದಕ್ಕೇ ಅದನ್ನು ಕೆಳಗಿಡುವುದು. ನೀವೂ ಅಷ್ಟೇ ಮಾಡಿದಿರಿ. ಪೆದ್ದಣ್ಣ ನಮ್ಮವನೆಂದು ಹೇಳಿ ಎಂದು ರಟ್ಟಿನ ಮೇಲೆ ಬರೆದು, ಎರಡು ದಿನ ಒಂದು ಘೋಷಣೆಯನ್ನೂ ಕೂಗದೆ ಕೂತಿರಿ. ಮೂರನೆಯ ದಿನ ಪೊಲೀಸರು ಕೊಕ್ಕೆಗಳನ್ನು ಚೀಲಕ್ಕೆ ತುಂಬಿ ಆಯುಧಗಳೆಂದು ಬರೆದುಕೊಂಡರು. ಸಂಘದ ಮುಂದಾಳುಗಳೆಂದು ನಿಮ್ಮಿಬ್ಬರನ್ನು ಒಯ್ದರು. ಹಾಗೆ ನೋಡಿದರೆ ನನ್ನ ಈಳಿಗೆಮಣೆಯೂ ಈಗ ಜೈಲಿನಲ್ಲಿರಬೇಕಿತ್ತು.

ಸೋಮವಾರ ನಿಮ್ಮನ್ನು ತಹಸೀಲ್ದಾರರ ಮುಂದೆ ನಿಲ್ಲಿಸಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರಂತೆ. ಹೆದರಿಸಲೆಂದೇ ಕೊಕ್ಕೆ ತಂದಿದ್ದೆವು, ಇನ್ನು ಒಂದು ವರ್ಷ ಯಾವ ಗೇಟಿನ ಮುಂದೆಯೂ ಕೂರುವುದಿಲ್ಲ, ಮಾತಾಡುವುದಿಲ್ಲ ಎಂದು. ಬರೆದುಕೊಟ್ಟರೆ ಅಂದೇ ಮನೆ, ಇಲ್ಲದಿದ್ದರೆ ಎಷ್ಟು ದಿನವೋ ಗೊತ್ತಿಲ್ಲ. ನೀನು ಬರೆದುಕೊಟ್ಟರೆ ಪೆದ್ದಣ್ಣನ ಪರವಾಗಿ ಬಾಯಿ ಬಿಡುವವರು ಯಾರೂ ಉಳಿಯುವುದಿಲ್ಲ. ಹೋದ ವಾರ ಸರಳಿನ ಆಚೆ ನಿಂತು ನೀನು ಹೇಳಿದ್ದು ಕಿವಿಯಲ್ಲೇ ಇದೆ: “ಅವ್ವಾ, ಕೊಕ್ಕಿ ಆಯುಧ ಅಂತ ನಾ ಬರದುಕೊಟ್ರ, ನಮ್ಮಪ್ಪನೂ ಜೀವನಪೂರ್ತಿ ಆಯುಧ ಹಿಡದಂಗ ಆತಲ್ಲ.” ದಾರಿಯುದ್ದಕ್ಕೂ ನಿನ್ನನ್ನು ಬೈದುಕೊಂಡು ಬಂದೆ. ಹೊಸ್ತಿಲು ದಾಟುವಷ್ಟರಲ್ಲಿ ಸಿಟ್ಟು ಇಳಿದಿತ್ತು, ಭಯ ಮಾತ್ರ ಇಳಿದಿಲ್ಲ.

ಗುರುವಾರ ಮಿಲ್ಲಿನ ಗುಮಾಸ್ತ ಗುರುಪಾದಯ್ಯ ಬಂದಿದ್ದರು. ಸುಹಾಸಿನಿ ಕೆಲಸಕ್ಕೆ ಹೋಗಿದ್ದಳು. ನಿನ್ನ ಮದುವೆಯಲ್ಲಿ ಉಂಡವರಲ್ಲವೇ, ಒಳಗೆ ಕರೆದೆ. ಚಹಾ ಕುಡಿದು, ನಿನ್ನ ಬಗ್ಗೆ ಬಹಳ ಮರುಗಿದರು. ವಾರಕ್ಕೆ ಎರಡು ಸಲ ನಿನ್ನನ್ನು ನೋಡಲು ಅರ್ಜಿ ಹಾಕಿಸುತ್ತೇನೆ ಎಂದರು. ನೀನು ಚಿಕ್ಕವನಿದ್ದಾಗ ರೇಷನ್ ಅಂಗಡಿಯಲ್ಲಿ ಎಲ್ಲರೂ ಹೆಬ್ಬೆಟ್ಟು ಒತ್ತಿದರೆ ನಾನೊಬ್ಬಳೇ ಪೆನ್ನು ಕೇಳುತ್ತಿದ್ದೆ, ನೆನಪಿದೆಯೇ? “ನಮ್ಮವ್ವಗ ಸಹಿ ಬರ್ತೈತಿ” ಎಂದು ನೀನು ಸಾಲಿನವರಿಗೆಲ್ಲ ಹೇಳುತ್ತಿದ್ದೆ. ಹೊಳಗುಂದದ ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿವರೆಗೆ ಓದಿದ್ದಕ್ಕೆ ನನಗೆ ದಕ್ಕಿದ ಆಸ್ತಿ ಅದೊಂದೇ.

ವಕೀಲ ಭರತ್ ಇದನ್ನು ನಿನ್ನ ಕೈಗೇ ಮುಟ್ಟಿಸುತ್ತಾರೆ. ಆಂಜಿನೇಯನಿಗೂ ನನ್ನ ಆಶೀರ್ವಾದ ಹೇಳು. ಇಬ್ಬರೂ ಗಟ್ಟಿಯಾಗಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ನಿನ್ನ ದಾರಿ ಕಾಯುವ ಅವ್ವ
ಅಕ್ಕನಾಗಮ್ಮ
(ಹೆಬ್ಬೆಟ್ಟಿನ ಗುರುತು)

ತಾ.ಕ.: ಇದು ಮರೆತದ್ದಲ್ಲ, ನಾಚಿಕೆಯಿಂದ ಉಳಿಸಿಕೊಂಡದ್ದು. ವಕೀಲರ ಬೈಕು ಬಾಗಿಲಿಗೆ ಬಂದಿದೆ, ಬರೆದೇಬಿಡುತ್ತೇನೆ. ಭೇಟಿಯ ಅರ್ಜಿ ಎಂದು ಗುರುಪಾದಯ್ಯ ತಂದ ತೆಲುಗು ಕಾಗದಕ್ಕೆ ನಾನು ಸಹಿ ಹಾಕಿದ್ದೇನೆ. ತೆಲುಗು ಮಾತಾಡಲು ನನಗೆ ನೀರು ಕುಡಿದಷ್ಟು ಸಲೀಸು, ಓದಲು ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಅವರು ಬಿಟ್ಟುಹೋದ ನಕಲನ್ನು ಇವತ್ತು ಬೆಳಿಗ್ಗೆ ಸುಹಾಸಿನಿ ಎರಡು ಸಲ ಓದಿದಳು. “ಅತ್ತಿ, ಇದ್ರಾಗ ಭೇಟಿ ಮಾತೇ ಇಲ್ಲ” ಎಂದಳು. ಹೆದರಿಸಲೆಂದೇ ಕೊಕ್ಕೆ ಒಯ್ದದ್ದು ನಿಜ, ಮಗ ಸಂಘ ಬಿಡುತ್ತಾನೆ, ಅದಕ್ಕೆ ತಾಯಿಯೇ ಜವಾಬ್ದಾರಿ ಎಂದು ಬರೆದಿದೆಯಂತೆ. ಹೆಬ್ಬೆಟ್ಟಿನವರು ಒತ್ತುವ ಮುಂಚೆ ಓದಿ ಹೇಳಿರಿ ಎನ್ನುತ್ತಾರೆ. ಸಹಿ ಬರುವ ಸೊಕ್ಕಿಗೆ ನಾನು ಕೇಳಲಿಲ್ಲ. ಸೋಮವಾರ ಅದನ್ನೇ ನಿನ್ನ ಮುಂದೆ ಹಿಡಿದು ನಿನ್ನವ್ವ ಒಪ್ಪಿದ್ದಾಳೆ ಎನ್ನುತ್ತಾರೆ. ಸಹಿ ನನ್ನದೇ, ಚಂದ್ರಾ. ಮಾತು ನನ್ನದಲ್ಲ. ಅಂದು ನಾನೂ ಕಚೇರಿಗೆ ಬಂದು ಇದನ್ನೇ ಹೇಳುತ್ತೇನೆ. ಒಳಗೆ ಬಿಡದಿದ್ದರೆ ಈ ಕಾಗದ ನಿನ್ನ ಹತ್ತಿರ ಇರಲಿ. ಇದಕ್ಕೆ ರೊಟ್ಟಿ ಹಂಚಿನ ಮಸಿಯಲ್ಲಿ ಹೆಬ್ಬೆಟ್ಟು ಒತ್ತಿದ್ದೇನೆ. ಪೂರ್ತಿ ಓದಿಕೊಂಡು ಒತ್ತಿದ್ದೇನೆ.