ಏನು ಕೊಯ್ತೀರಿ?

ಮಾರ್ಚ್ ೧೧, ಮಂಗಳವಾರ

ಹದಿನೇಳು ಏಟು. ವಕೀಲರು ಇವತ್ತು ಮರಣೋತ್ತರ ವರದಿಯನ್ನು ಗಟ್ಟಿಯಾಗಿ ಓದಿದರು. ಕೊಲೆಯಾದ ಆ ಗುತ್ತಿಗೆದಾರ ತಲೆಗೆ ಅಡ್ಡ ಹಿಡಿದ ಕೈಯ ಮೂಳೆ ಒಂದೇ ಏಟಿಗೆ ತುಂಡಾಗಿತ್ತಂತೆ. ಕತ್ತಿಯ ಅಲಗು ಮಾತ್ರ ಎಲ್ಲೂ ಮುಕ್ಕಾಗಿರಲಿಲ್ಲವಂತೆ.

ಮೇಲ್ಮನವಿಗೆ ಒಳ್ಳೆ ಅಂಶ ಸಿಕ್ಕಿತು ಅಂತ ವಕೀಲರಿಗೆ ಖುಷಿ. “ನೋಡಮ್ಮ, ನಿಮ್ಮ ಯಜಮಾನರದು ಸಾಣೆ ಹಿಡಿಯೋ ಕೆಲಸ. ಯಾರೋ ಕತ್ತಿ ತಂದ್ರು, ಹಿಡಿದು ಕೊಟ್ರು. ಯಾತಕ್ಕೆ ಅಂತ ಕೇಳೋರು ಯಾರು? ಗೊತ್ತೇ ಇಲ್ಲದ ಮೇಲೆ ಒಳಸಂಚು ಎಲ್ಲಿಂದ ಬಂತು? ಜೀವಾವಧಿ ನಿಲ್ಲಲ್ಲ.”

ನಾನು ತಲೆಯಾಡಿಸಿದೆ. ಪಾಪಿ ನಾನು.

ಇಪ್ಪತ್ತೆರಡು ವರ್ಷ ಆ ಸಾಣೆ ಚಕ್ರ ತಿರುಗಿಸಿದವಳು ನಾನು. ಅಡುಗೆಮನೆ ಚಾಕು ತಂದರೂ “ಏನು ಕೊಯ್ತೀರಿ?” ಅಂತ ಕೇಳದೆ ಆ ಮನುಷ್ಯ ಅಲಗನ್ನು ಕಲ್ಲಿಗೆ ತಾಗಿಸಿದವನಲ್ಲ. ತರಕಾರಿಗೆ ತೆಳು ಅಲಗು, ಮೂಳೆಗೆ ದಪ್ಪ. ಮೂಳೆ ತುಂಡು ಮಾಡಿಯೂ ಮುಕ್ಕಾಗಲಿಲ್ಲ ಅಂದರೆ ಕೇಳಿಯೇ ಹಿಡಿದಿದ್ದಾನೆ. ಆ ಕತ್ತಿ ಬಂದ ದಿನ ಮಾತ್ರ ನನ್ನನ್ನು “ಒಳಗೆ ಹೋಗೇ” ಅಂತ ಗದರಿಸಿ, ಚಕ್ರವನ್ನು ತಾನೇ ತಿರುಗಿಸಿದ್ದ.

ಮನೆಗೆ ಬಂದವಳೇ ಸುತ್ತಿಗೆ ತಗೊಂಡು ಆ ಸಾಣೆಕಲ್ಲನ್ನು ಜಜ್ಜಿದೆ. ಅವನ ತಲೆ ಅಂದುಕೊಂಡೇ ಜಜ್ಜಿದೆ. ಚೂರು ಸಿಡಿದು ಹುಬ್ಬು ಒಡೆಯಿತು. ಈ ಹಾಳೆಗೂ ರಕ್ತ ತೊಟ್ಟಿಕ್ಕಿದೆ.

ಅತ್ತೆ ಓಡಿ ಬಂದು ಬಾಯಿ ಬಡಿದುಕೊಂಡರು. “ನನ್ನ ಮಗ ಬಿಡುಗಡೆಯಾಗಿ ಬಂದ್ರೆ ಹೊಟ್ಟೆಗೇನು ಮಾಡ್ತಾನೇ?”

ಬರಲಿ. ಹೊಸಿಲು ದಾಟೋ ಮೊದಲೇ ಕೇಳ್ತೀನಿ. ಕತ್ತಿ ತಂದವರಿಗೆ ಏನು ಕೊಯ್ತೀರಿ ಅಂದೆಯಲ್ಲ, ಆಗ ಅವರು ಏನು ಅಂದರು?