ಒಂಬತ್ತು ಮೀಟರ್

ಜುಲೈ 9, ಮಂಗಳವಾರ. ಬೆಳಿಗ್ಗೆ 8
ನಡುಚಳಿಗಾಲ, ಮೈದಾನದ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಅರವತ್ತು ಮೀಟರ್, ಆರು ಸಲ ಓಡಿಸಿದೆ. ಟೀಗನ್ ಹಾಲು ಕರೆಯುವ ಶೆಡ್ಡಿನಿಂದ ನೇರ ಬಂದಿದ್ದಳು, ಬೂಟಿನಲ್ಲಿ ಇನ್ನೂ ಸಗಣಿ. ಹತ್ತೊಂಬತ್ತು ವರ್ಷ, ಆದರೂ ಕೊನೆಯಲ್ಲಿ ಕುಸಿಯುತ್ತಾಳೆ. ಲಿಡಿಯಾಳ ಜಿಮ್ಮಿಗೆ ಸೇರುತ್ತಾಳಂತೆ, ತೂಕ ಎತ್ತಲು. ಬೇಡವೆಂದೆ. ಹುಡುಗಿಯರಿಗೆ ಕಾಲು ಭಾರವಾಗುತ್ತದೆ... ಮೂವತ್ತು ವರ್ಷದಿಂದ ಇದನ್ನೇ ಹೇಳಿಕೊಂಡು ಬಂದಿದ್ದೇನೆ.
"ದಿನಾ ಕರುಗಳನ್ನ ಎತ್ತಿ ಟ್ರೈಲರಿಗೆ ಹಾಕ್ತೀನಿ ಕೋಚ್. ಅದಕ್ಕೆ ನೀವೇನೂ ಅನ್ನಲ್ಲ," ಅಂದಳು.
ಸ್ಟಾಪ್‌ವಾಚ್ ಜೇಬಿಗೆ ಹಾಕಿ ಮನೆ ಕಡೆ ನಡೆದೆ.

ಸೆಪ್ಟೆಂಬರ್ 3
ನಾನು ಬೇಡವೆಂದರೂ ಟೀಗನ್ ಸೇರಿದ ಜಿಮ್ಮಿಗೆ ಕದ್ದು ನೋಡಲು ಹೋದೆ. ಲಿಡಿಯಾ ಕಣ್ಣಿಗೆ ಬಿದ್ದೆ.
"ಬಾಗಿಲಲ್ಲೇ ಯಾಕೆ ನಿಂತೆ ಮೋ? ಒಳಗೆ ಬಾ, ಯಾರೂ ಕಚ್ಚಲ್ಲ."
ಟೀಗನ್ ಹೆಗಲ ಮೇಲೆ ಎಂಬತ್ತು ಕಿಲೋದ ಕಂಬಿ. ಜುಲೈಯಲ್ಲಿ ಅರವತ್ತಿತ್ತಂತೆ. ಕೂತಳು, ಎದ್ದಳು. ಮೂರನೆಯ ಸಲ ಅರ್ಧಕ್ಕೇ ನಿಂತಳು. ಮುಖ ಕೆಂಪೇರಿತು, ಕಾಲು ನಡುಗಿತು — ಎದ್ದೇಬಿಟ್ಟಳು. ನಾನು ಉಸಿರು ಬಿಟ್ಟಿದ್ದು ಆಮೇಲೆ.

ನವೆಂಬರ್ 19
ಸ್ಟಾಪ್‌ವಾಚ್ ಕೆಟ್ಟಿದೆ ಅಂದುಕೊಂಡೆ. ಇನ್ನೊಂದು ತಂದೆ. ಅದೂ ಅದನ್ನೇ ಹೇಳಿತು. ಟೀಗನ್ ಈಗ ಕೊನೆಯ ಇಪ್ಪತ್ತು ಮೀಟರಿನಲ್ಲಿ ಕುಸಿಯುವುದಿಲ್ಲ. ಈಸ್ಟರ್ ಓಟ ಗೆಲ್ಲುತ್ತಾಳೆ, ನಿಧಾನದವಳೆಂದು ಮುಂದೆ ನಿಂತು ಹೊರಡಲು ಕೊಟ್ಟಿರುವ ನಮ್ಮ ಒಂಬತ್ತು ಮೀಟರ್ ಉಳಿದರೆ.

ಡಿಸೆಂಬರ್ 26
ನಾಳೆ ಕಡಲತಡಿಯ ಊರಿನ ಓಟ. ಯಾರು ಯಾವ ಗೆರೆಯಿಂದ ಹೊರಡಬೇಕೆಂದು ಗೊತ್ತುಮಾಡುವ ಡೆಸ್ ಬಂದಿರುತ್ತಾನೆ. ನಿಧಾನದವರಿಗೆ ಮುಂದಿನ ಗೆರೆ, ಜೋರಿನವರಿಗೆ ಹಿಂದಿನದು. ಇವಳ ಓಟ ಕಂಡರೆ ಒಂಬತ್ತನ್ನು ಕತ್ತರಿಸುತ್ತಾನೆ. ಹೇಳಿದೆ:
"ಎಂಬತ್ತು ಮೀಟರ್ ಆದ್ಮೇಲೆ ಸ್ವಲ್ಪ ಕೈ ಬಿಡು, ಬೇಕಂತ್ಲೇ ನಿಧಾನ ಮಾಡು. ಎಲ್ಲರೂ ಮಾಡೋದೇ."
"ನೀವೂ ಮಾಡಿದ್ರಾ?"
"ಎಂಬತ್ತಮೂರನೇ ಇಸವೀಲಿ. ಹನ್ನೊಂದು ಮೀಟರ್ ಸಿಕ್ತು. ಈಸ್ಟರ್ ಗೆದ್ದೆ."
"ಹಂಗಾದ್ರೆ ನಿಜವಾಗಿ ಎಷ್ಟು ಜೋರಾಗಿ ಓಡ್ತಿದ್ರಿ ಕೋಚ್?"
ಗೊತ್ತಿಲ್ಲ. ಮೂರು ವರ್ಷ ಕೈ ಬಿಟ್ಟುಕೊಂಡೇ ಓಡಿದೆ. ಆಮೇಲೆ ಮೊಣಕಾಲು ಹೋಯಿತು.

ಡಿಸೆಂಬರ್ 27
ಬಿಡಲಿಲ್ಲ. ನಾಲ್ಕು ಮೀಟರಿನ ಅಂತರದಿಂದ ಗೆದ್ದಳು. ಡೆಸ್ ಪುಸ್ತಕದಲ್ಲಿ ಏನೋ ಗೀಚಿಕೊಂಡ. ಕಾರಿನಲ್ಲಿ ಚೆನ್ನಾಗಿ ಬೈದೆ.
"ಬಿಡೋಣ ಅಂತಾನೇ ಇದ್ದೆ," ಅಂದಳು. "ಕಾಲು ಮಾತು ಕೇಳ್ಲಿಲ್ಲ."
ಮೀನು-ಚಿಪ್ಸ್ ಪೊಟ್ಟಣ ನನ್ನ ಕಡೆ ಚಾಚಿದಳು. ಸಿಟ್ಟಿನಲ್ಲೇ ತಿಂದೆ.

ಮಾರ್ಚ್ 30
ಈಸ್ಟರ್ ಓಟದ ಗೆರೆಗಳ ಪಟ್ಟಿ ಬಂತು. ಒಂಬತ್ತು ಹೋಗಿ ಮೂರೂವರೆ. ಎಲ್ಲರಿಗಿಂತ ಹಿಂದೆ ಇವಳೇ.
"ಒಳ್ಳೇದೇ ಆಯ್ತು. ದಾಟೋಕೆ ಜನ ಜಾಸ್ತಿ," ಅಂದಳು ಟೀಗನ್.
ಈ ಧೈರ್ಯ ನನಗೆ ಆ ವಯಸ್ಸಿನಲ್ಲಿ ಇರಲಿಲ್ಲ.

ಏಪ್ರಿಲ್ 21, ಈಸ್ಟರ್ ಸೋಮವಾರ. ಸಂಜೆ
ಎರಡನೆಯವಳಾದಳು. ಅಂಗೈಯಗಲದಲ್ಲಿ. ಗೆದ್ದವಳು ಹತ್ತು ಮೀಟರಿನ ಗೆರೆಯವಳು. ಒಂಬತ್ತು ಉಳಿಸಿಕೊಂಡಿದ್ದರೆ ಹಿಂತಿರುಗಿ ನೋಡಿಕೊಂಡು ಗೆಲ್ಲಬಹುದಿತ್ತು. ನಾನು ಗೆದ್ದ ಹಾಗೆ.
ಆದರೆ ಆ ಓಟ... ಒಬ್ಬೊಬ್ಬರನ್ನೇ ದಾಟಿದಳು, ನಾಲ್ವರನ್ನು. ಕೊನೆಯ ಇಪ್ಪತ್ತು ಮೀಟರಿನಲ್ಲಿ ಎಲ್ಲರೂ ಸೋತು ಬಾಗುವಾಗ ಇವಳೊಬ್ಬಳೇ ನೆಟ್ಟಗಿದ್ದಳು. ಇಷ್ಟು ವರ್ಷದಲ್ಲಿ ಇಂಥ ಓಟ ಕಂಡಿಲ್ಲ. ಬೇಲಿ ಹಿಡಿದು ಅತ್ತೆ. ಟೀಗನ್ ಬಂದು ಕೇಳಿದಳು:
"ಬೇಜಾರಾಯ್ತಾ ಕೋಚ್?"
"ಇಲ್ಲ ಕಣೇ."
ನಿಜವನ್ನೇ ಹೇಳಿದೆ. ಎಷ್ಟು ಜೋರಾಗಿ ಓಡಬಲ್ಲಳು ಅನ್ನುವುದು ಅವಳಿಗೆ ಗೊತ್ತು.

ಏಪ್ರಿಲ್ 23. ಲಿಡಿಯಾಳ ಜಿಮ್
ಬರೀ ಕಂಬಿ. ಇಪ್ಪತ್ತು ಕಿಲೋ. ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ. ಮೊಣಕಾಲು ಗೊಣಗಿತು, ಆದರೂ ಐದು ಸಲ ಎದ್ದೆ. ಈಗ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ತೊಡೆ ಇನ್ನೂ ನಡುಗುತ್ತಿದೆ. ಟೀಗನ್ ಕಂಬಿಯ ಎರಡೂ ತುದಿಗೆ ತೂಕದ ಒಂದೊಂದು ಚಿಕ್ಕ ಬಿಲ್ಲೆ ಸೇರಿಸುತ್ತಿದ್ದಾಳೆ. ಎಷ್ಟು ಅಂತ ಕೇಳಲಿಲ್ಲ.
"ಅರ್ಧಕ್ಕೆ ಕೈ ಬಿಡ್ಬೇಡಿ ಮತ್ತೆ," ಅನ್ನುತ್ತಾಳೆ.
ಈ ಸಲ ಬಿಡುವುದಿಲ್ಲ. ಕರೆಯುತ್ತಿದ್ದಾಳೆ, ಪೆನ್ನು ಕೆಳಗಿಡ—