ಬೆಲ್ ಒತ್ತಿದರೆ ಫ್ಯಾನ್

ಪುಟ್ಟೀ,

ನನ್ನ ಈ ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈಬರಹವೂ ಚಿಕ್ಕದಾಗುತ್ತದಂತೆ. ಕನ್ನಡಕ ಹಾಕಿಕೊಂಡೇ ಓದು.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ, "ಮಿದುಳಿನ ಬಿಳಿ ಭಾಗ ಅಂದ್ರೆ ಮನೆ ವೈರಿಂಗ್ ಇದ್ದ ಹಾಗೆ. ಅಲ್ಲಲ್ಲಿ ಸವೆದಿದೆ, ಅದಕ್ಕೇ ಈ ಮರೆವು" ಎಂದರು. ಎಲೆಕ್ಟ್ರಿಷಿಯನ್‌ಗೇ ವೈರಿಂಗ್ ಪಾಠ!

ನಿನ್ನೆ ನಮ್ಮ ಕಾಲಿಂಗ್ ಬೆಲ್ ರಿಪೇರಿ ಮಾಡಿದೆ. ಈಗ ಹೊರಗೆ ಬೆಲ್ ಒತ್ತಿದರೆ ಅಡುಗೆಮನೆಯ ಫ್ಯಾನ್ ತಿರುಗುತ್ತದೆ. ನನ್ನ ಮುಖ ಸಣ್ಣದಾಯಿತು. "ಇರ್ಲಿ ಬಿಡಿ, ಯಾರಾದ್ರೂ ಬಂದ್ರೆ ನಂಗೆ ಗಾಳಿ" ಎಂದು ನಿನ್ನಮ್ಮ ನಕ್ಕಳು.

ಫೋನಿನಲ್ಲಿ ನಾನು ಮಾತು ಮರೆತು ನಿಂತರೆ, ಲೈನು ಕಟ್ಟಾಯಿತೆಂದು ಇಟ್ಟುಬಿಡಬೇಡ. "ಆಮೇಲೆ, ಅಪ್ಪಾ?" ಅನ್ನು. ಮೆಟ್ಟಿಲ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚು ಇರುತ್ತದಲ್ಲ. ಆ ಕಡೆಯಿಂದ ನೀನು ಒತ್ತಿದರೂ ಹತ್ತುತ್ತದೆ.

ಭಾನುವಾರ ಬಂದಾಗ ಬಾಗಿಲು ಬಡಿಯಬೇಡ, ಬೆಲ್ ಒತ್ತು. ಅಮ್ಮ ಫ್ಯಾನಿನ ಕೆಳಗೇ ನಿಂತಿರುತ್ತಾಳೆ.

ನಿನ್ನ ಅಪ್ಪ